ಮಧ್ಯಾಹ್ನದ ಅಳತೆ

ಕೊಚ್ಚಿ ಬಳಿಯ ಆಲುವದ ಧರ್ಮಾಸ್ಪತ್ರೆಗೆ ಬರುವ ಹೊಸ ವಿಕಿರಣ ಯಂತ್ರ ನಮ್ಮ ದೇಶದಲ್ಲೇ ತಯಾರಾದದ್ದಾಗಿರಲಿ ಎಂದು ಹಟ ಹಿಡಿದವಳು ಚಂದ್ರಾವತಿ. ಆಡಳಿತ ಮಂಡಳಿಯವರ ಕಣ್ಣು ಹೊರದೇಶದ ಯಂತ್ರದ ಮೇಲಿತ್ತು. ಕ್ಯಾನ್ಸರ್ ವಿಭಾಗದ ಮುಖ್ಯಸ್ಥೆ ಡಾಕ್ಟರ್ ನಿಶಾಗೂ ಅದೇ ವಾಸಿ ಅನ್ನಿಸಿತ್ತು. ಚಂದ್ರಾವತಿ ಮಾತ್ರ ಮೀಟಿಂಗಿನಿಂದ ಮೀಟಿಂಗಿಗೆ ಅದೇ ಮಾತು ಹೇಳಿದಳು. ತಿರುವನಂತಪುರದ ಕೇಂದ್ರ ಸಂಸ್ಥೆಯಲ್ಲಿ ಸುಬ್ರಾಯರ ತಂಡ ಮಾಡಿರುವ ಲಿನಾಕ್ ಎಂಬ ಯಂತ್ರ ಯಾವುದಕ್ಕೂ ಕಡಿಮೆಯಲ್ಲ. ಹೊರಗಿನದು ಕೆಟ್ಟರೆ ಬಿಡಿಭಾಗ ಹಡಗಿನಲ್ಲಿ ಬರುವ ತನಕ ರೋಗಿಗಳು ಬೆಂಚಿನ ಮೇಲೆ ಕೂತಿರಬೇಕು, ಇದು ಕೆಟ್ಟರೆ ಮಾಡಿದವರೇ ಬೆಳಗಿನ ರೈಲು ಹತ್ತಿ ಬರುತ್ತಾರೆ. ವರ್ಷಗಟ್ಟಲೆ ಆ ಆಸ್ಪತ್ರೆಯ ಹಳೆಯ ಕೋಬಾಲ್ಟ್ ಯಂತ್ರದ ವಿಕಿರಣ ಅಳೆದು, ಒಮ್ಮೆಯೂ ಎಡವದೆ ಬಂದವಳು ಎಂಬ ಕಾರಣಕ್ಕೆ ಅವಳ ಮಾತು ನಡೆಯಿತು.

ಅವಳು ಪುತ್ತೂರು ಕಡೆಯವಳು. ಮಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಬೇಸಿಗೆ ಶಿಬಿರವೊಂದಕ್ಕೆ ಪಾಠ ಮಾಡಲು ಬಂದವರು ಸುಬ್ರಾಯರು. ಕುಂಬಳೆಯವರು, ಮಾತೆಲ್ಲ ಕರಾವಳಿಯ ಕನ್ನಡ. ಪರಮಾಣು ಅಂದರೆ ಬಾಂಬು ಎಂದಷ್ಟೇ ತಿಳಿದಿದ್ದ ಹುಡುಗಿಯರಿಗೆ ಅವರು ಕಣಗಳನ್ನು ಓಡಿಸುವ ಯಂತ್ರಗಳ ಲೋಕವನ್ನೇ ತೆರೆದಿಟ್ಟರು. ಒಂದು ಕೊಳವೆ, ಅದರೊಳಗೆ ನಿರ್ವಾತ, ಎಲೆಕ್ಟ್ರಾನುಗಳನ್ನು ಮುಂದೆ ಮುಂದೆ ತಳ್ಳುವ ವಿದ್ಯುತ್ತಿನ ಅಲೆ. ಇಷ್ಟೇ ವಿದ್ಯೆಯಿಂದ ಬಂದರಿನಲ್ಲಿ ಕಂಟೇನರ್ ಬಿಚ್ಚದೆ ಒಳಗೇನಿದೆ ಎಂದು ನೋಡಬಹುದು, ರಫ್ತಾಗುವ ಕರಿಮೆಣಸಿನ ಹುಳ ಕೊಲ್ಲಬಹುದು, ಸಿರಿಂಜುಗಳನ್ನು ಪೊಟ್ಟಣದೊಳಗೇ ಶುದ್ಧಮಾಡಬಹುದು, ಗಂಟಲಿನ ಗಡ್ಡೆಯನ್ನು ಚಾಕು ಮುಟ್ಟಿಸದೆ ಕರಗಿಸಬಹುದು. ಇಂದೂರು, ಕೋಲ್ಕತ್ತದ ದೊಡ್ಡ ಯಂತ್ರಗಳ ಬಗ್ಗೆ ಹೇಳುವಾಗ ಅವರ ಮುಖ ಬೆಳಗುತ್ತಿತ್ತು. ಆದರೆ ತಾಲ್ಲೂಕು ಆಸ್ಪತ್ರೆಗೊಂದು ಚಿಕ್ಕ ಯಂತ್ರ ಸಿಗದೆ ಹೋದರೆ ಆ ದೊಡ್ಡವುಗಳಿಂದ ಏನು ಬಂತು ಎಂದು ಅವರೇ ಕೇಳುತ್ತಿದ್ದರು. ಆ ಪ್ರಶ್ನೆ ಚಂದ್ರಾವತಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ವಿಕಿರಣ ಚಿಕಿತ್ಸೆಯ ಭೌತಶಾಸ್ತ್ರ ಕಲಿಯಲು ಅವಳು ತಿರುವನಂತಪುರಕ್ಕೆ ಹೋದಾಗ ಸುಬ್ರಾಯರ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಳು. ಅವರ ಹೆಂಡತಿ ಕಮಲ ಅವಳನ್ನು ಚಾಲೈ ಪೇಟೆಗೆ ಕರೆದುಕೊಂಡು ಹೋಗಿ, ಊರಿನ ಸೌತೆಕಾಯಿಯಂಥದ್ದು ಸಿಗುವ ಅಂಗಡಿ ತೋರಿಸಿಕೊಟ್ಟವರು. ಆಫೀಸಿನಲ್ಲಿ ಅವರು ಸರ್, ಮನೆಯಲ್ಲಿ ಸುಬ್ರಾಯಣ್ಣ. ಅವಳ ಮದುವೆಯಲ್ಲಿ ಅವಳ ಅಪ್ಪನ ಪಕ್ಕದಲ್ಲಿ ನಿಂತು ಬಂದವರಿಗೆ ಕೈಮುಗಿದವರೂ ಅವರೇ. ಅವಳ ಗಂಡ ಮನೋಜ್ ಬ್ಯಾಂಕಿನವನು. ಕೊಚ್ಚಿಗೆ ವರ್ಗವಾಗಿ ಬಂದವನು ಅಲ್ಲೇ ನೆಲೆನಿಂತ. ಮಗಳು ಅಪೂರ್ವಾ ಆಲುವದಲ್ಲೇ ಬೆಳೆದು, ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳಾದಳು.

ಯಂತ್ರ ಬಂದು ಕೂತಿತು. ದಪ್ಪ ಗೋಡೆಯ ಕೋಣೆಯೊಳಗೆ ಅದನ್ನು ನೋಡಲು ಆಸ್ಪತ್ರೆಯ ನರ್ಸುಗಳೆಲ್ಲ ಸರದಿಯಲ್ಲಿ ಬಂದರು. ರೋಗಿಗಳನ್ನು ಮಲಗಿಸುವ ಮೊದಲು ಅದರ ಕಿರಣವನ್ನು ಎಲ್ಲ ಬಗೆಯಲ್ಲೂ ಅಳೆದು ಒಪ್ಪಿಗೆ ಕೊಡುವುದು ಚಂದ್ರಾವತಿಯ ಕೆಲಸ. ನೀರು ತುಂಬಿದ ತೊಟ್ಟಿಯೊಂದನ್ನು ಯಂತ್ರದ ಕೆಳಗೆ ಇಟ್ಟು, ನೀರಿನೊಳಗೆ ಅಳತೆಯ ಸಾಧನ ಇಳಿಸಿ, ಮನುಷ್ಯನ ಮೈಯೊಳಗೆ ಇಷ್ಟು ಆಳದಲ್ಲಿ ಇಷ್ಟು ಡೋಸ್ ಬೀಳುತ್ತದೆ ಎಂದು ಕಂಡುಕೊಳ್ಳುವುದು. ದಿನವಿಡೀ ಅದೇ ಕೆಲಸ ಮಾಡಿದಳು. ಬೆಳಗಿನ ಅಂಕಿಗಳೆಲ್ಲ ಹೇಳಿಮಾಡಿಸಿದಂತೆ ಬಂದವು.

ಒಂದು ದಿನ ಬೆಳಗಿನ ಅಳತೆಯನ್ನೇ ಊಟದ ನಂತರ ಇನ್ನೊಮ್ಮೆ ತೆಗೆದಳು. ಅಂಕಿ ಏರಿತ್ತು. ತನ್ನ ಸಾಧನವೇ ಕೈಕೊಟ್ಟಿತೇನೋ ಎಂದು ಬೇರೆ ಸಾಧನ ಇಳಿಸಿ ನೋಡಿದಳು. ಆ ದಿನದ ಉಷ್ಣತೆ, ಗಾಳಿಯ ಒತ್ತಡ ಎರಡನ್ನೂ ಲೆಕ್ಕಕ್ಕೆ ತಂದು ನೋಡಿದಳು. ಏರಿದ್ದು ಏರಿಯೇ ಇತ್ತು. ಮರುದಿನವೂ ಹಾಗೆಯೇ ಆಯಿತು: ಬೆಳಿಗ್ಗೆ ಸರಿ, ಯಂತ್ರ ಓಡುತ್ತ ಓಡುತ್ತ ಬಿಸಿಯಾದಂತೆ ಡೋಸ್ ಮೇಲೆ ಮೇಲೆ.

ಕಾರಣ ಅವಳಿಗೆ ಹೊಳೆಯಲು ತಡವಾಗಲಿಲ್ಲ. ಯಂತ್ರದ ತಲೆಯೊಳಗೆ ಕಿರಣ ಹಾದುಹೋಗುವ ದಾರಿಯಲ್ಲಿ ತೆಳ್ಳಗಿನ ಚೇಂಬರ್ ಒಂದಿರುತ್ತದೆ. ಎಷ್ಟು ಕಿರಣ ಹೋಯಿತು ಎಂದು ಎಣಿಸಿ, ಹೇಳಿದಷ್ಟು ಆದೊಡನೆ ಯಂತ್ರವನ್ನು ನಿಲ್ಲಿಸುವುದು ಅದೇ. ಅದನ್ನು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿರಬೇಕು. ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಸೋರಿ ಒಳಗೆ ತೆಳುವಾಗುತ್ತದೆ, ಚೇಂಬರ್ ಕಡಿಮೆ ಎಣಿಸುತ್ತದೆ. ಹೇಳಿದಷ್ಟು ಇನ್ನೂ ಆಗಿಲ್ಲ ಎಂದುಕೊಂಡು ಯಂತ್ರ ಕಿರಣವನ್ನು ಬಿಡುತ್ತಲೇ ಇರುತ್ತದೆ. ಕೆಳಗೆ ಮಲಗಿದವರಿಗೆ ಬೇಕಾದ್ದಕ್ಕಿಂತ ಹೆಚ್ಚು ತಾಗುತ್ತದೆ. ನೂರಕ್ಕೆ ಐದಾರರಷ್ಟು ಹೆಚ್ಚಾದರೂ ವಾರಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಅದು ಗಂಟಲನ್ನು ಸುಟ್ಟೀತು, ಬೆನ್ನುಹುರಿಯನ್ನು ಹಾಳುಮಾಡೀತು.

ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಅವಳು ಭಾನುವಾರ ತಿರುವನಂತಪುರಕ್ಕೆ ಹೋದಳು. ಮೊದಲು ಸುಬ್ರಾಯಣ್ಣನಿಗೆ ಹೇಳಬೇಕು ಅನ್ನಿಸಿತ್ತು. ಅದು ಅವರ ಇಪ್ಪತ್ತು ವರ್ಷದ ಕೆಲಸ, ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವುದು ಬೇಡ ಎಂದು. ಕಮಲಕ್ಕ ಬಡಿಸಿದ ಊಟ ಮುಗಿಸಿ, ಕೈ ತೊಳೆದು ಬಂದು, ಅವಳು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಸುಬ್ರಾಯರು ನಡುವೆ ಬಾಯಿ ಹಾಕದೆ ಕೇಳಿದರು. ಚೇಂಬರಿನ ಮಾತು ಬಂದಾಗ ಮಾತ್ರ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಇದನ್ನು ಬರೆದು ಕೊಟ್ಟಿದ್ದೀಯಾ ಯಾರಿಗಾದ್ರೂ?"

"ಇಲ್ಲ. ನಿಮಗೇ ಮೊದಲು."

"ಒಳ್ಳೇದಾಯ್ತು. ಸ್ವಲ್ಪ ದಿನ ನಂಗೆ ಬಿಡು ಚಂದ್ರಾ. ತಜ್ಞರ ಸಮಿತಿ ಬರುವಷ್ಟರಲ್ಲಿ ನಾನು ಇದನ್ನು ನೋಡಿಕೊಳ್ತೇನೆ. ಈಗಲೇ ಕಾಗದಕ್ಕೆ ಇಳಿದ್ರೆ ಯಾರ್ಯಾರ ಕೈಗೆ ಹೋಗ್ತದೆ ಹೇಳ್ಲಿಕ್ಕೆ ಆಗುದಿಲ್ಲ."

ಅವಳು ಒಪ್ಪಿಕೊಂಡಳು. ಯಂತ್ರದ ಕೆಳಗೆ ಇನ್ನೂ ರೋಗಿಗಳು ಮಲಗಿರಲಿಲ್ಲ, ಯಾರಿಗೂ ತೊಂದರೆ ಇರಲಿಲ್ಲ. ಅವರು ನೋಡಿಕೊಳ್ಳುತ್ತೇನೆ ಅಂದರೆ ನೋಡಿಕೊಂಡ ಹಾಗೆಯೇ. ಹಿಂದಿರುಗುವಾಗ ರೈಲಿನಲ್ಲಿ ಅವಳಿಗೆ ಹಗುರವೆನಿಸಿತ್ತು.

ಯಂತ್ರವನ್ನು ಪರೀಕ್ಷಿಸಿ ಒಪ್ಪಿಗೆ ಕೊಡಬೇಕಾದ ಸಮಿತಿ ಬರುವ ದಿನ ಬಂತು. ಅದಕ್ಕೆ ಮೊದಲು ಸಂಸ್ಥೆಯಿಂದ ಯಾರೂ ಬಂದು ಚೇಂಬರ್ ಮುಟ್ಟಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಸುಬ್ರಾಯರು, ಮಾಡುವ, ಮಾಡುವ ಎಂದಿದ್ದರು. ಸಮಿತಿಯ ಎದುರೇ ತಾವಾಗಿ ಹೇಳಿ ಸಮಯ ಕೇಳುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಬೆಳಿಗ್ಗೆ ಯಂತ್ರದ ಕೋಣೆಗೆ ಕಾಲಿಟ್ಟಾಗ ಅವಳ ಮೈ ನಡುಗಿತು. ಏಸಿಯನ್ನು ಎಂದೂ ಇಲ್ಲದಷ್ಟು ತಣ್ಣಗೆ ಇಟ್ಟಿದ್ದರು. ಸಮಿತಿ ಬರುವವರೆಗೂ ಯಂತ್ರ ಓಡಿಸಬಾರದು ಎಂದು ಸುಬ್ರಾಯ ಸಾರ್ ಹೇಳಿದ್ದಾರೆ ಎಂದ ಟೆಕ್ನಿಷಿಯನ್. ಆಗಲೂ ಅವಳು ಕೆಟ್ಟದ್ದು ಯೋಚಿಸಲಿಲ್ಲ.

ಸಮಿತಿಯ ಅಧ್ಯಕ್ಷರು ವಿಶ್ವೇಶ್ವರ ಎಂಬ ನಿವೃತ್ತ ವಿಜ್ಞಾನಿ, ಮೃದು ಮಾತಿನವರು. ಜೊತೆಗೆ ಇನ್ನಿಬ್ಬರು. ತಣ್ಣಗಿದ್ದ ಯಂತ್ರ ಸೊಗಸಾಗಿ ನಡೆದುಕೊಂಡಿತು. ಎಲ್ಲ ಅಂಕಿಗಳೂ ಸರಿಯಾಗಿ ಬಂದವು. ಆಮೇಲೆ ಆಸ್ಪತ್ರೆಯ ಮೀಟಿಂಗ್ ಹಾಲಿನಲ್ಲಿ ಎಲ್ಲರೂ ಕೂತರು. ಆಡಳಿತಾಧಿಕಾರಿ, ಡಾಕ್ಟರ್ ನಿಶಾ, ಸುಬ್ರಾಯರು, ಚಂದ್ರಾವತಿ. ಸುಬ್ರಾಯರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಅವಳು ಕಾದಳು. ಅವರು ಚೇಂಬರಿನ ಹೆಸರೆತ್ತಲಿಲ್ಲ. ಅಧ್ಯಕ್ಷರು ಫೈಲು ಮುಚ್ಚುವ ಹೊತ್ತಿಗೆ ಅವಳೇ ಬಾಯಿ ಬಿಡಬೇಕಾಯಿತು. ಯಂತ್ರ ಬಿಸಿಯಾದ ಮೇಲೆ ಡೋಸ್ ಏರುತ್ತದೆ, ಚೇಂಬರ್ ಸೋರುತ್ತಿರಬೇಕು, ಊಟದ ಬಳಿಕ ಇದೇ ಅಳತೆಯನ್ನು ಇನ್ನೊಮ್ಮೆ ತೆಗೆದು ನೋಡಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡಳು.

ವಿಶ್ವೇಶ್ವರ ಅವರು ಸುಬ್ರಾಯರ ಕಡೆ ತಿರುಗಿ, ಈ ವಿಷಯ ನಿಮ್ಮ ಗಮನಕ್ಕೆ ಬಂದಿತ್ತೇ ಎಂದು ಕೇಳಿದರು.

"ಇಲ್ಲ," ಅಂದರು ಸುಬ್ರಾಯರು. "ಇದೇ ಮೊದಲು ಕೇಳ್ತಾ ಇರುವುದು."

ಚಂದ್ರಾವತಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂಬ ಅನುಮಾನ ಬಂತು. ಸುಬ್ರಾಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ದನಿ ಏರಿಸದೆ, ತಮ್ಮ ಮನೆಯ ಮಗುವಿನ ತಪ್ಪನ್ನು ಮುಚ್ಚಿಹಾಕುವವರ ಹಾಗೆ ಮಾತನಾಡಿದರು. ಈ ಕಡೆಯ ಸೆಕೆಯಲ್ಲಿ ಉಷ್ಣತೆಯ ಲೆಕ್ಕ ಹಾಕಲು ಮರೆತರೆ ಅಳತೆಯಲ್ಲಿ ಇಂಥ ಏರಿಳಿತ ಕಾಣುವುದು ಸಾಮಾನ್ಯ. ಚಂದ್ರಾವತಿ ತುಂಬ ಶ್ರದ್ಧೆಯ ಕೆಲಸಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವರ್ಷ ಕೋಬಾಲ್ಟ್ ಒಂದರ ಮೇಲೇ ಕೆಲಸ ಮಾಡಿದವರಿಗೆ ಲಿನಾಕ್ ಪಳಗಲು ಸ್ವಲ್ಪ ಕಾಲ ಬೇಕು. ಅದು ಅವರ ತಪ್ಪೂ ಅಲ್ಲ.

ಉಷ್ಣತೆಯ ಲೆಕ್ಕ ಹಾಕಲು ಅವಳಿಗೆ ಕಲಿಸಿದವರೇ ಅವರು. ಅದನ್ನು ಹೇಳಬೇಕು ಎಂದು ಅವಳ ನಾಲಿಗೆಯ ತುದಿಗೆ ಬಂತು. ಆ ಭಾನುವಾರದ ಊಟದ ಬಗ್ಗೆ ಹೇಳಬೇಕು ಅನ್ನಿಸಿತು. ಆದರೆ ಅವರು ಇಲ್ಲ ಅಂದದ್ದನ್ನು ತಾನು ಹೌದು ಅಂದರೆ, ಸಾಕ್ಷಿಗೆ ಕಮಲಕ್ಕನನ್ನು ಕರೆಸಬೇಕಷ್ಟೆ. ಮಧ್ಯಾಹ್ನ ಒಮ್ಮೆ ಅಳೆದು ನೋಡಿ, ಸಾಕು ಎಂದಷ್ಟೇ ಮತ್ತೆ ಹೇಳಿದಳು. ಸಮಿತಿಯವರಿಗೆ ರೈಲಿನ ಹೊತ್ತಾಗಿತ್ತು. ಅಗತ್ಯವಿದೆಯೇ ಎಂದು ಅಧ್ಯಕ್ಷರು ಸುಬ್ರಾಯರನ್ನು ಕೇಳಿದರು. ಅಗತ್ಯವಿಲ್ಲ ಎಂದರು ಅವರು. ಒಪ್ಪಿಗೆ ಸಿಕ್ಕಿತು. ಎಲ್ಲರೂ ಎದ್ದಾಗ ಸುಬ್ರಾಯರು ಅವಳ ಪಕ್ಕದಲ್ಲೇ ಹಾದು ಹೋದರು, ಮುಖ ನೋಡಲಿಲ್ಲ.

ಯಂತ್ರಕ್ಕೆ ಒಪ್ಪಿಗೆಯ ಸಹಿ ಹಾಕಲು ಅವಳು ನಿರಾಕರಿಸಿದಳು. ಆಡಳಿತಾಧಿಕಾರಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ನಿಮ್ಮ ಮಾತು ಕೇಳಿಯೇ ಈ ಯಂತ್ರ ತಂದದ್ದು, ಈಗ ನೀವೇ ಕಾಲು ಹಿಂದೆಗೆದರೆ ಹೇಗೆ ಎಂದು ಕೇಳಿ, ಅವಳನ್ನು ಹಳೆಯ ಕೋಬಾಲ್ಟ್ ಕೋಣೆಗೇ ಕಳಿಸಿದರು. ಹೊಸ ಯಂತ್ರ ನೋಡಿಕೊಳ್ಳಲು ಸಂಸ್ಥೆಯಿಂದ ಋತ್ವಿಕ್ ಎಂಬವನು ಬಂದ. ಅವನ ತಂದೆತಾಯಿ ಶಿವಮೊಗ್ಗ ಕಡೆಯವರು, ಅವನು ಹುಟ್ಟಿದ್ದು ತಿರುವನಂತಪುರದ ಕ್ವಾರ್ಟರ್ಸಿನಲ್ಲಿ. ಕನ್ನಡದಲ್ಲಿ ಮಾತನಾಡಿಸಿದರೆ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಸಹಿ ಅವನೇ ಹಾಕಿದ. ಕ್ಯಾಂಟೀನಿನಲ್ಲಿ ಚಂದ್ರಾವತಿ ಚಹಾ ಹಿಡಿದು ಕೂತರೆ ಅತ್ತ ಮೇಜಿನವರ ಮಾತು ತಗ್ಗುತ್ತಿತ್ತು. ಉಷ್ಣತೆಯ ಲೆಕ್ಕ ಹಾಕಲು ಬಾರದ ಫಿಸಿಸಿಸ್ಟ್ ಎಂಬ ಮಾತು ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿ, ಎರ್ನಾಕುಳಂನ ಹಳೆಯ ಸಹಪಾಠಿಯೊಬ್ಬಳು ಸಮಾಧಾನ ಹೇಳಲು ಫೋನ್ ಮಾಡಿದಳು. ಅವಳ ದನಿಯಲ್ಲಿ ಕನಿಕರವೂ ಇತ್ತು, ಸ್ವಲ್ಪ ಖುಷಿಯೂ ಇತ್ತು.

ಮನೋಜ್ ಕೆಲಸ ಬಿಟ್ಟುಬಿಡು ಎಂದ. ಅವಳಿಗೂ ಹಾಗೇ ಅನ್ನಿಸಿತ್ತು. ಆದರೆ ಮುಂದಿನ ವಾರದಿಂದ ಆ ಯಂತ್ರದ ಕೆಳಗೆ ಮನುಷ್ಯರು ಮಲಗುತ್ತಾರೆ. ಅದನ್ನು ನೆನೆದರೆ ಊಟ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಡಾಕ್ಟರ್ ನಿಶಾ ರೌಂಡ್ಸ್ ಮುಗಿಸಿ ಬರುವುದನ್ನೇ ಕಾದು ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಸುಬ್ರಾಯರ ವಿಷಯ ಎತ್ತಲೇ ಇಲ್ಲ. ತನ್ನ ಮೇಲೆ ನಂಬಿಕೆ ಇಡಿ ಎಂದೂ ಕೇಳಲಿಲ್ಲ. ರೋಗಿಗಳನ್ನೆಲ್ಲ ಬೆಳಗಿನ ಹೊತ್ತಿಗೇ ಕರೆಸಿ, ಒಬ್ಬರಾದ ಮೇಲೆ ಇನ್ನೊಬ್ಬರಿಗೆ ನಡುವೆ ಯಂತ್ರಕ್ಕೆ ಆರಲು ಬಿಡುವು ಕೊಡಿ, ಬಿಸಿಲೇರುವ ಮೊದಲು ನಿಲ್ಲಿಸಿ, ತಾನು ಹೇಳಿದ್ದು ಸುಳ್ಳಾಗಿದ್ದರೂ ಇದರಿಂದ ಯಾರಿಗೂ ನಷ್ಟವಿಲ್ಲ ಎಂದಳು. ನಿಶಾ ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟರು.

"ನಿನಗೆ ಖಾತ್ರಿಯಿದೆಯಾ ಚಂದ್ರಾ?" ಮಲಯಾಳದಲ್ಲಿ ಕೇಳಿದರು.

"ಇದೆ ಡಾಕ್ಟರ್."

"ನಾನು ಹೊರಗೆ ಏನೂ ಹೇಳುವುದಿಲ್ಲ. ನನಗೆ ಬೆಳಗಿನ ಹೊತ್ತೇ ಅನುಕೂಲ ಅಂತ ಹೇಳಿ ಮಾಡಿಸುತ್ತೇನೆ."

ಹಾಗೆಯೇ ಮಾಡಿಸಿದರು. ದೂರದಿಂದ ಬರುವವರು ಗೊಣಗಿದರು. ಫೋರ್ಟ್ ಕೊಚ್ಚಿಯಿಂದ ಔಸೇಪ್ ಎಂಬ ಮೀನುಗಾರ ಗಂಟಲಿನ ಚಿಕಿತ್ಸೆಗೆ ಬರುತ್ತಿದ್ದ. ಮೊದಲ ಬೋಟಿನಲ್ಲಿ ಎರ್ನಾಕುಳಂಗೆ ದಾಟಿ, ಮೆಟ್ರೊ ಹಿಡಿದು ಆಲುವಕ್ಕೆ ಬರಬೇಕು. ಜೀವಮಾನವಿಡೀ ಬಲೆಗಾಗಿ ಕತ್ತಲಲ್ಲಿ ಎದ್ದೆ, ಈಗ ಇದಕ್ಕೂ ಕತ್ತಲಲ್ಲೇ ಏಳಿಸುತ್ತೀರಲ್ಲ ಎಂದು ನಿಶಾರ ಹತ್ತಿರ ಬೇಸರ ಮಾಡಿಕೊಂಡ. ದನಿ ಒಡೆದಿತ್ತು, ಮಾತು ಮಾತ್ರ ಕಡಿಮೆಯಾಗಿರಲಿಲ್ಲ. ಕೋಬಾಲ್ಟ್ ಕೋಣೆಯ ಬಾಗಿಲಿನಿಂದ ಚಂದ್ರಾವತಿ ಅವನು ನಡೆದು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದಳು.

ಕೊನೆಯ ರೋಗಿ ಎದ್ದುಹೋದ ಮೇಲೆ, ನಿಶಾರ ಹೆಸರು ಹೇಳಿಕೊಂಡು, ಅವಳು ಒಳಗೆ ಹೋಗಿ ಒಮ್ಮೆ ಅಳೆಯುತ್ತಿದ್ದಳು. ಬೇಡವೆನ್ನಲು ಋತ್ವಿಕ್‌ಗೆ ಅಧಿಕಾರವಿತ್ತು. ಅವನು ಬೇಡವೆನ್ನಲಿಲ್ಲ. ಅಂಕಿ ತೆರೆಯ ಮೇಲೆ ಮೂಡುವಾಗ ಮಾತ್ರ ಅವನು ಮೊಬೈಲ್ ನೋಡುತ್ತ ನಿಲ್ಲುತ್ತಿದ್ದ. ಬೆಳಗಿನ ರೋಗಿಗಳಿಗೆ ಹೆಚ್ಚಿಗೆ ಬಿದ್ದಿಲ್ಲ ಎಂಬುದು ದಿನದಿನವೂ ಅವಳಿಗೆ ಖಚಿತವಾಗುತ್ತಿತ್ತು. ಅಷ್ಟಾದ ಮೇಲೆಯೇ ಅವಳಿಗೆ ಹಸಿವಾಗುತ್ತಿದ್ದದ್ದು.

ಮಳೆಗಾಲ ಹತ್ತಿರವಾದಾಗ ಒಂದು ರಜಾದಿನ ಸಂಸ್ಥೆಯ ಇಂಜಿನಿಯರುಗಳು ಬಂದು ಯಂತ್ರದ ತಲೆ ಬಿಚ್ಚಿ ಹೊಸ ಚೇಂಬರ್ ಕೂರಿಸಿ ಹೋದರು. ಮಾಮೂಲಿ ಸುಧಾರಣೆ ಎಂದು ಆಸ್ಪತ್ರೆಗೆ ತಿಳಿಸಿದರು. ಮರುದಿನ ಚಂದ್ರಾವತಿ ಮಧ್ಯಾಹ್ನ ಹೋಗಿ ಅಳೆದಳು, ಸಂಜೆ ಅಳೆದಳು. ಅಂಕಿ ಅಲುಗಲಿಲ್ಲ. ಯಂತ್ರ ಈಗ ಸುಬ್ರಾಯರು ಯಾವಾಗಲೂ ಹೇಳುತ್ತಿದ್ದ ಹಾಗೆಯೇ ಇತ್ತು, ಯಾವುದಕ್ಕೂ ಕಡಿಮೆಯಿಲ್ಲದ ಹಾಗೆ. ಅವಳಿಗೆ ಖುಷಿಯಾಯಿತು ಎಂದರೆ ಸುಳ್ಳಲ್ಲ.

ಋತ್ವಿಕ್ ಆವತ್ತು ಕ್ಯಾಂಟೀನಿನಲ್ಲಿ ತಾನಾಗಿ ಬಂದು ಅವಳ ಎದುರು ಕೂತ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದ. ಆಮೇಲೆ, ಚೇಂಬರ್ ಬರಲು ಇಷ್ಟು ತಿಂಗಳು ಹಿಡಿಯುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ ಎಂದ. ಯಾವಾಗಿನಿಂದ ಎಂದು ಅವಳು ಕೇಳಿದಳು. ಸಮಿತಿ ಬರುವುದಕ್ಕೆ ಎಷ್ಟೋ ಮುಂಚೆ, ಒಂದು ಸೋಮವಾರ ಬೆಳಿಗ್ಗೆ ಸುಬ್ರಾಯ ಸಾರ್ ಲ್ಯಾಬಿಗೆ ಬಂದವರೇ, ಈಗಿನ ಚೇಂಬರ್ ಸೋರುತ್ತಿದೆ, ಹೊಸದನ್ನು ಮಾಡಿಸಲು ಇವತ್ತೇ ಹೇಳಿ ಎಂದರಂತೆ. ಸೋರುತ್ತಿದೆ ಎಂದು ಹೇಗೆ ಗೊತ್ತಾಯಿತು ಎಂದು ಯಾರೋ ಕೇಳಿದ್ದಕ್ಕೆ, ಗೊತ್ತಾಯಿತು, ಅಷ್ಟೇ ಎಂದಿದ್ದರಂತೆ. ಹೇಳಿ ಮುಗಿಸಿ ಋತ್ವಿಕ್, ಸಾರಿ ಎಂದು ಎದ್ದುಹೋದ.

ಇಷ್ಟು ದಿನ ಚಂದ್ರಾವತಿ ಒಂದು ಆಸೆ ಇಟ್ಟುಕೊಂಡಿದ್ದಳು. ಅವರಿಗೆ ತನ್ನ ಅಳತೆಯ ಮೇಲೆ ನಂಬಿಕೆ ಬಂದಿರಲಿಕ್ಕಿಲ್ಲ, ಆ ಗಡಿಬಿಡಿಯಲ್ಲಿ ಹಾಗಂದಿರಬೇಕು ಎಂದು. ತಪ್ಪು ತಿಳಿದು ಆಡಿದ ಮಾತಾಗಿದ್ದರೆ ಮರೆಯಬಹುದಿತ್ತು. ಅವರು ಅವಳ ಮಾತನ್ನು ಕೇಳಿದ ಮರುದಿನವೇ ನಂಬಿದ್ದರು. ನಂಬಿದ ಮೇಲೂ ಎಲ್ಲರೆದುರು ಇಲ್ಲ ಅಂದಿದ್ದರು.

ಅವಳು ತಿರುವನಂತಪುರಕ್ಕೆ ಹೋದಳು. ಕಮಲಕ್ಕ ಬಾಗಿಲು ತೆರೆದು, ಮುಖ ನೋಡಿ, ಏನೂ ಕೇಳದೆ ಒಳಗೆ ಹೋದರು. ಸುಬ್ರಾಯರು ವರಾಂಡದಲ್ಲಿ ಪೇಪರ್ ಓದುತ್ತಿದ್ದವರು ಮಡಚಿಟ್ಟರು.

"ಚೇಂಬರಿಗೆ ಯಾವಾಗ ಹೇಳಿದ್ದು ಸುಬ್ರಾಯಣ್ಣ?"

"ಋತ್ವಿಕ್ ಹೇಳಿದ್ನಾ?"

"ಯಾರು ಹೇಳಿದ್ರೆ ಎಂತ. ನಾನು ಇಲ್ಲಿ ಊಟ ಮಾಡಿ ಹೋದ ಮರುದಿನ ಅಲ್ವಾ?"

"ಹೌದು." ಅವರು ಅಡಗಿಸಲು ಹೋಗಲಿಲ್ಲ. "ನೀನು ಅಳೆದದ್ದು ತಪ್ಪಾದದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ ಚಂದ್ರಾ."

ಆ ಮಾತಿಗಾಗಿ ಅವಳು ಎಷ್ಟು ತಿಂಗಳು ಕಾದಿದ್ದಳು. ಈಗ ಅದು ಕಿವಿಗೆ ಬಿದ್ದಾಗ ಏನೂ ಅನ್ನಿಸಲಿಲ್ಲ.

ಸುಬ್ರಾಯರು ತಾವಾಗಿ ವಿವರಿಸತೊಡಗಿದರು. ಅವತ್ತು ಸೋರುವ ಮಾತು ಸಮಿತಿಯ ಕಾಗದಕ್ಕೆ ಇಳಿದಿದ್ದರೆ ಯೋಜನೆಯನ್ನೇ ಮುಚ್ಚಿಬಿಡುತ್ತಿದ್ದರು. ಮುಚ್ಚಲು ನೆಪ ಕಾಯುತ್ತ ಕೂತವರು ಡೆಲ್ಲಿಯಲ್ಲಿದ್ದಾರೆ. ಚೇಂಬರ್ ಒಂದರ ಬಿರುಕಿಗೆ ಇಪ್ಪತ್ತು ವರ್ಷದ ಕೆಲಸ ಹೋಗುತ್ತಿತ್ತು, ಇನ್ನು ಮುಂದೆ ಯಾವ ಆಸ್ಪತ್ರೆಯೂ ದೇಶದ ಯಂತ್ರ ಬೇಕು ಅನ್ನುತ್ತಿರಲಿಲ್ಲ. ಈಗ ನೋಡು, ಇನ್ನೂ ನಾಲ್ಕು ಆಸ್ಪತ್ರೆಗಳವರು ಕೇಳುತ್ತಿದ್ದಾರೆ. ಮಾತನಾಡುತ್ತ ಅವರ ಮುಖದಲ್ಲಿ ಅದೇ ಹಳೆಯ ಬೆಳಕು ಬಂತು.

"ನನ್ನನ್ನು ಕೇಳಬಹುದಿತ್ತು," ಅಂದಳು ಚಂದ್ರಾವತಿ. "ಚೇಂಬರ್ ಬರುವವರೆಗೆ ಏನೋ ಒಂದು ಕಾರಣ ಹೇಳಿ ರೋಗಿಗಳನ್ನು ಮಲಗಿಸದೆ ತಡೆಯುವ, ನೀನು ಸುಮ್ಮನಿರು ಅಂದಿದ್ರೆ ಇರ್ತಿದ್ದೆ. ಒಮ್ಮೆ ಇದ್ದೆ ಅಲ್ವಾ? ನೀವು ನಾನು ಹೇಳಲೇ ಇಲ್ಲ ಅಂದ್ರಿ. ನಂಗೆ ಲೆಕ್ಕ ಹಾಕ್ಲಿಕ್ಕೆ ಬರುದಿಲ್ಲ ಅಂದ್ರಿ."

"ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು."

"ಬಾಯಿಗೆ ಬಂದದ್ದಲ್ಲ. ಕೋಣೆ ತಣ್ಣಗೆ ಮಾಡಿಸಿದ್ದು ಬಾಯಿಗೆ ಬಂದದ್ದಾ?"

ಅವರು ಮಡಚಿಟ್ಟ ಪೇಪರನ್ನು ಮತ್ತೊಮ್ಮೆ ಮಡಚಿದರು. ಒಳಗೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಅಷ್ಟು ದಿನ ಅದರ ಕೆಳಗೆ ಜನ ಮಲಗಿದ್ರು ಸುಬ್ರಾಯಣ್ಣ. ಅವರ ಬಗ್ಗೆ ಎಂತ ಯೋಚನೆ ಮಾಡಿದ್ರಿ?"

ಸುಬ್ರಾಯರು ತಲೆಯೆತ್ತಿದರು. ಇದಕ್ಕೆ ತಮ್ಮ ಹತ್ತಿರ ಸರಿಯಾದ ಉತ್ತರವಿದೆ ಎಂಬ ಸಮಾಧಾನ ಅವರ ಕಣ್ಣಲ್ಲಿತ್ತು.

"ಅಲ್ಲಿ ನೀನು ಇದ್ದಿಯಲ್ಲ," ಅಂದರು. "ಗೊತ್ತಿದ್ದೂ ಕೈಕಟ್ಟಿ ಕೂರುವವಳಲ್ಲ ನೀನು. ಏನಾದ್ರೂ ಒಂದು ದಾರಿ ಮಾಡ್ತಿ ಅಂತ ನಂಗೆ ಧೈರ್ಯ ಇತ್ತು."

ಚಂದ್ರಾವತಿ ಎದ್ದು ನಿಂತಳು. ಕೂತಿರಲು ಆಗಲಿಲ್ಲ. ಎಲ್ಲರೆದುರು ಅವಳನ್ನು ಕೆಲಸ ಬಾರದವಳು ಎಂದು ತಳ್ಳಿಹಾಕಿ, ಒಳಗೊಳಗೆ ಅವಳ ಕೆಲಸವನ್ನೇ ನೆಚ್ಚಿಕೊಂಡು ಅವರು ನಿದ್ದೆ ಮಾಡಿದ್ದರು. ಔಸೇಪ್‌ನ ಗಂಟಲು ಉಳಿಸುವ ಭಾರವನ್ನೂ ಅವಳ ಹೆಗಲಿಗೇ ಹಾಕಿದ್ದರು. ಹಾಕಿದ್ದೇನೆ ಎಂದು ಹೇಳಿಯೂ ಇರಲಿಲ್ಲ.

ವಿಶ್ವೇಶ್ವರ ಅವರಿಗೆ ನಡೆದದ್ದನ್ನು ನೀವೇ ಹೇಳಿ ಎಂದು ಅವಳು ಕೇಳಿದಳು. ಹೇಳುತ್ತೇನೆ, ಆದರೆ ಈಗ ಬೇಡ, ಹೊಸ ಯಂತ್ರಗಳ ಒಪ್ಪಂದ ಮುಗಿಯಲಿ, ತಮಗೂ ನಿವೃತ್ತಿಗೆ ಹೆಚ್ಚು ದಿನವಿಲ್ಲ ಎಂದರು ಅವರು. ಅವಳು ಚಪ್ಪಲಿ ಮೆಟ್ಟಿದಳು. ಗೇಟಿನ ತನಕ ಕಮಲಕ್ಕ ಹಿಂದೆಯೇ ಬಂದರು.

"ನಂಗೆ ಗೊತ್ತಿತ್ತು ಚಂದ್ರಾ. ಫೋನ್ ಮಾಡುವ ಅಂತ ಎಷ್ಟು ಸಲ ತೆಗೆದು ಇಟ್ಟೆ. ಆಗ್ಲಿಲ್ಲ."

ಚಂದ್ರಾವತಿ ಅವರ ಕೈ ಹಿಡಿದು ಒತ್ತಿ, ಆಟೋ ಹತ್ತಿದಳು. ಅಳು ಬಂದದ್ದು ರೈಲು ಕೊಲ್ಲಂ ದಾಟಿದ ಮೇಲೆ. ಎದುರಿನ ಸೀಟಿನ ಹೆಂಗಸು ಕಂಡೂ ಕಾಣದವಳಂತೆ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮರುದಿನ ಅವಳು ತಾನೇ ವಿಶ್ವೇಶ್ವರ ಅವರಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಯಂತ್ರ ಈಗ ಸರಿಯಿದೆಯಲ್ಲ, ಯಾರಿಗೂ ತೊಂದರೆಯಾಗಿಲ್ಲವಲ್ಲ ಎಂದು ಎರಡೆರಡು ಸಲ ಕೇಳಿದರು. ಆವತ್ತು ಮಧ್ಯಾಹ್ನದವರೆಗೆ ಕಾಯಬೇಕಿತ್ತು ಎಂದು ಒಪ್ಪಿಕೊಂಡರು. ಆದರೆ ಮುಗಿದ ಕಡತವನ್ನು ಮತ್ತೆ ತೆರೆಸುವುದು ತಮ್ಮ ಕೈಯಲ್ಲಿಲ್ಲ ಎಂದರು. ಅವರು ಸುಬ್ರಾಯರನ್ನು ಏನಾದರೂ ಕೇಳಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಋತ್ವಿಕ್ ವಾಪಸು ಹೋಗುವ ಕಾಲ ಬಂದಾಗ ಆಸ್ಪತ್ರೆಗೆ ಮತ್ತೆ ಅವಳ ನೆನಪಾಯಿತು. ಆಡಳಿತಾಧಿಕಾರಿ ಕರೆಸಿ, ಹೊಸ ಯಂತ್ರವನ್ನು ನೀವೇ ನೋಡಿಕೊಳ್ಳಬೇಕು ಎಂದರು. ನೋಡಿಕೊಳ್ಳುತ್ತೇನೆ, ಆದರೆ ನನ್ನ ಅಳತೆ ಸರಿಯಿತ್ತು ಎಂದು ಎಲ್ಲರೆದುರು ಹೇಳಬೇಕು ಎಂದಳು ಅವಳು. ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿ, ನೋಡೋಣ ಎಂದರು. ಆಗ ಡಾಕ್ಟರ್ ನಿಶಾ, ಇಷ್ಟು ದಿನ ಹೊರಗೆ ತುಟಿ ಬಿಚ್ಚದಿದ್ದವರು, ಬೆಳಿಗ್ಗೆ ಮಾತ್ರ ಚಿಕಿತ್ಸೆ ಮಾಡಿಸಿದ್ದು ಯಾರ ಮಾತಿಗೆ, ಯಾಕೆ ಎಂಬುದನ್ನು ಅವರಿಗೆ ಹೇಳಿದರು. ಸಿಬ್ಬಂದಿಯ ತಿಂಗಳ ಸಭೆಯಲ್ಲಿ, ಪಾರ್ಕಿಂಗ್ ಜಾಗದ ಬದಲಾವಣೆ ಮತ್ತು ಓಣಂ ಊಟದ ವಿಷಯಗಳ ನಡುವೆ, ಚಂದ್ರಾವತಿಯವರು ಗುರುತಿಸಿದ್ದ ದೋಷ ನಿಜವಾಗಿತ್ತು, ಅದನ್ನು ಸರಿಪಡಿಸಲಾಗಿದೆ ಎಂಬ ಒಂದು ಇಂಗ್ಲಿಷ್ ವಾಕ್ಯ ಬಂತು. ಹಿಂದಿನ ಸಾಲಿನವರಿಗೆ ಕೇಳಿಸಿತೋ ಇಲ್ಲವೋ. ನಿಶಾ ಮಾತ್ರ ಕುರ್ಚಿಯಲ್ಲಿ ತಿರುಗಿ ಅವಳನ್ನು ನೋಡಿದರು.

ಸುಬ್ರಾಯರ ನಿವೃತ್ತಿಯ ಸಮಾರಂಭಕ್ಕೆ ಅವಳು ಹೋಗಲಿಲ್ಲ. ಅವರು ಅಲ್ಲಿ ಆಲುವದ ಯಂತ್ರದ ಬಗ್ಗೆ ತುಂಬ ಹೊತ್ತು ಮಾತಾಡಿದರಂತೆ. ಕೆಲಸ ಕಲಿಯಲು ಹೋಗುವುದಾದರೆ ಚಂದ್ರಾವತಿಯ ಬಳಿಗೆ ಹೋಗಿ ಎಂದು ಹೊಸಬರಿಗೆ ಹೇಳಿದರಂತೆ. ಹಾಗೆ ಬಂದ ಇಬ್ಬರು ಟ್ರೈನಿಗಳಿಗೆ ಅವಳು ನೀರಿನ ತೊಟ್ಟಿ ಇಡುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದಳು. ಸುಬ್ರಾಯ ಸರ್ ನಿಮ್ಮ ಗುರುಗಳಂತೆ, ಹೌದೇ ಎಂದು ಅವರು ಕೇಳಿದಾಗ, ಹೌದು, ಚೆನ್ನಾಗಿ ಪಾಠ ಮಾಡುತ್ತಿದ್ದರು ಎಂದು ಹೇಳಿ ಕೆಲಸಕ್ಕೆ ತಿರುಗಿದಳು.

ಕ್ರಿಸ್‌ಮಸ್ ಕಳೆದ ಮೇಲೆ ಕಮಲಕ್ಕ ಒಬ್ಬರೇ ಆಲುವಕ್ಕೆ ಬಂದು ಅವಳ ಮನೆಯಲ್ಲಿ ಉಳಿದರು. ಬರಲು ಹೇಳಿದ್ದು ಚಂದ್ರಾವತಿಯೇ. ಅಪೂರ್ವಾ ಅವರ ಹಿಂದೆ ಮುಂದೆ ಸುತ್ತುತ್ತ, ಅವರ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟು ನಗಿಸಿದಳು. ಇಬ್ಬರೂ ಹೆಂಗಸರು ಪೆರಿಯಾರ್ ದಡದಲ್ಲಿ ನಡೆದರು, ಊರಿನವರ ಸುದ್ದಿ ಮಾತಾಡಿದರು. ಸುಬ್ರಾಯರ ಹೆಸರು ಇಬ್ಬರ ಬಾಯಿಗೂ ಬರಲಿಲ್ಲ. ಹೊರಡುವ ದಿನ ಸ್ಟೇಷನ್ನಿನಲ್ಲಿ, ರೈಲು ಇನ್ನೂ ದೂರದಲ್ಲಿರುವಾಗ, ಕಮಲಕ್ಕ ತಡೆಯಲಾರದೆ ಕೇಳಿದರು.

"ಚಂದ್ರಾಳ ಕೋಪ ಇಳೀತಾ ಅಂತ ಕೇಳಿಕೊಂಡು ಬಾ ಅಂದಿದ್ದಾರೆ. ಎಂತ ಹೇಳ್ಲಿ?"

ಚಂದ್ರಾವತಿ ಪ್ಲಾಟ್‌ಫಾರ್ಮಿನ ಮೇಲೆ ಬ್ಯಾಗನ್ನು ನೆಟ್ಟಗೆ ನಿಲ್ಲಿಸಿದಳು.

"ಕೋಪ ಎಂತದೂ ಇಲ್ಲ ಅಂತ ಹೇಳಿ ಅಕ್ಕ. ಮನೆಗೆ ಬಾ ಅಂತ ನನ್ನನ್ನು ಕರೀಬೇಡಿ ಅಂತ್ಲೂ ಹೇಳಿ. ನಾನು ಬರುದಿಲ್ಲ. ನೀವು ಯಾವಾಗ ಬೇಕಾದ್ರೂ ಬನ್ನಿ."

ಕಮಲಕ್ಕ ತಲೆಯಾಡಿಸಿದರು. ರೈಲು ಬಂತು. ಅವರನ್ನು ಹತ್ತಿಸಿ, ಸೀಟಿನಲ್ಲಿ ಕೂತದ್ದನ್ನು ಕಿಟಕಿಯಿಂದ ನೋಡಿ ಖಚಿತಮಾಡಿಕೊಂಡು, ಚಂದ್ರಾವತಿ ಆಸ್ಪತ್ರೆಯ ಕಡೆ ನಡೆದಳು. ಪಟ್ಟಿಯಲ್ಲಿ ಆವತ್ತು ಹೊಸ ರೋಗಿಗಳಿದ್ದರು.